ಪರವೂರಿನಲ್ಲಿ ಹಾಡಿನ ಮನೆ ಹುಡುಕುವುದು

ಇವತ್ತಿನ ಮಾತು ಮಾಹೂಝ್, ಅದ್ಲಿಯಾ, ಜುಫೇರ್ ಕಡೆಯ ಫ್ಲ್ಯಾಟುಗಳಲ್ಲಿ ಹುಟ್ಟಿ ಬೆಳೆದ ನಿಮಗಾಗಿ. ಶಾಲೆಗೆ, ಕಾಲೇಜಿಗೆ ರಜೆ ಸಿಕ್ಕಿತೆಂದರೆ ನಿಮ್ಮಲ್ಲಿ ಕೆಲವರು ಊರಿಗೆ ಹೊರಡುತ್ತೀರಿ, ಕೆಲವರು ಯುರೋಪಿಗೆ. ಪ್ಯಾರಿಸ್‌ಗೆ ಹೋದವರು ಐಫೆಲ್ ಗೋಪುರ ನೋಡಿ ಬರುತ್ತೀರಿ. ಆದರೆ ಆ ದೇಶದ ಜನ ತಮ್ಮ ಪಾಡಿಗೆ ತಾವು ಹಾಡಿಕೊಳ್ಳುವ ಹಳೆಯ ಹಾಡನ್ನು ಒಂದು ಸಣ್ಣ ಜಾಗದಲ್ಲಿ, ಮೈಕಿನ ಅಬ್ಬರವಿಲ್ಲದೆ ಕೇಳಬೇಕು ಅನ್ನಿಸಿದರೆ ಎಲ್ಲಿಗೆ ಹೋಗಬೇಕು? ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಪ್ಯಾರಿಸ್‌ನಿಂದ ಶುರು ಮಾಡುವುದಿಲ್ಲ. ನಿಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ಒಂದು ಜಾಗದಿಂದ ಶುರು ಮಾಡೋಣ.

ಮೊದಲು ಫೋನಿನ ವಿಷಯ. ಮಾಹೂಝ್‌ನಲ್ಲಿ ಕೂತು ‘ಲೈವ್ ಮ್ಯೂಸಿಕ್’ ಎಂದು ಹುಡುಕಿದರೆ ಪಕ್ಕದ ಅದ್ಲಿಯಾದ ರೆಸ್ಟೋರೆಂಟುಗಳು, ಜುಫೇರಿನ ಹೋಟೆಲುಗಳು ಬರುತ್ತವೆ. ಅಲ್ಲಿ ಗಿಟಾರ್ ಹಿಡಿದ ಕಲಾವಿದರು ಎಲ್ಲ ದೇಶಗಳಲ್ಲೂ ಹಾಡುವ ಅದೇ ಹಾಡು ಹಾಡುತ್ತಾರೆ. ತಪ್ಪೇನಿಲ್ಲ, ಊಟದ ಜೊತೆ ಚೆನ್ನಾಗಿಯೇ ಇರುತ್ತದೆ. ಆದರೆ ನೀವು ಕೇಳಬೇಕೆಂದುಕೊಂಡದ್ದು ಅದಲ್ಲ. ಪ್ಯಾರಿಸ್‌ನಲ್ಲಿ ‘ಸಾಂಪ್ರದಾಯಿಕ ಫ್ರೆಂಚ್ ಸಂಗೀತ’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೂ ಇದೇ ಕತೆ: ನದಿಯ ಮೇಲಿನ ದೋಣಿಯೂಟ, ಪ್ರವಾಸಿಗರ ಟೇಬಲ್ ಪಕ್ಕ ಬಂದು ನಿಲ್ಲುವ ಅಕಾರ್ಡಿಯನ್. ಹೊರಗಿನವರ ಮಾತಿನಲ್ಲಿ ಹುಡುಕಿದರೆ ಹೊರಗಿನವರಿಗಾಗಿ ಇಟ್ಟದ್ದೇ ಸಿಗುತ್ತದೆ. ಆ ಹಾಡಿನವರು ತಾವು ಸೇರುವ ಜಾಗಕ್ಕೆ ಏನೆಂದು ಕರೆಯುತ್ತಾರೋ ಆ ಪದ ಬೇಕು.

ಬಹರೈನಿನಲ್ಲಿ ಆ ಪದ ‘ದಾರ್’. ಅರಬ್ಬಿಯಲ್ಲಿ ದಾರ್ ಅಂದರೆ ಮನೆ, ಅಷ್ಟೇ. ಮುಹರ್ರಕ್ ದ್ವೀಪದಲ್ಲಿ ಮುತ್ತಿನ ದೋಣಿಗಳ ಜನ ಸೇರಿ ಹಾಡಲೆಂದು ಇಟ್ಟುಕೊಂಡ ಮನೆಗಳಿಗೆ ಈ ಹೆಸರು. ಅಲ್ಲಿ ಹಾಡುವುದು ಫಿಜ್ರಿ.

ಮುತ್ತಿನ ಕೆಲಸ ಹೇಗಿತ್ತು ಎಂದು ಸ್ವಲ್ಪ ಗೊತ್ತಿದ್ದರೆ ಈ ಹಾಡು ಕಿವಿಗೆ ಬೇರೆಯಾಗಿ ಬೀಳುತ್ತದೆ. ಬೇಸಿಗೆಯ ಸುಮಾರು 4 ತಿಂಗಳು ಗಂಡಸರು ದೋಣಿ ಹತ್ತಿ ಹೋಗುತ್ತಿದ್ದರು. ಕಾಲಿಗೆ ಕಲ್ಲಿನ ಭಾರ, ಮೂಗಿಗೆ ಕ್ಲಿಪ್ಪು, ಜೊತೆಗೆ ಒಂದು ಬುಟ್ಟಿ. ಒಂದು ಉಸಿರಿನಲ್ಲಿ ಕೆಳಗಿಳಿದು ಕೈಗೆ ಸಿಕ್ಕಷ್ಟು ಚಿಪ್ಪು ಬಾಚಿಕೊಂಡು ಹಗ್ಗ ಜಗ್ಗಿದರೆ ಮೇಲಿದ್ದವನು ಎಳೆದುಕೊಳ್ಳುತ್ತಿದ್ದ. ದಿನವಿಡೀ ಇದೇ. ದೋಣಿಯ ಯಜಮಾನ ನಾಖುದಾ (ನಮ್ಮ ಭಟ್ಕಳದ ಕಡೆಯೂ ಈ ಮಾತು ಕೇಳಿದ್ದೀರಿ). ಸೀಸನ್ನಿಗೆ ಮುಂಚೆ ಅವನಿಂದ ಮುಂಗಡ ಪಡೆದು, ಮುತ್ತು ಸಾಲದೆ ಸಾಲ ಉಳಿದು, ಮರುವರ್ಷ ಮತ್ತೆ ಅವನ ದೋಣಿಗೇ ಹೋಗಬೇಕಾದವರು ಬಹಳ. ದೋಣಿಯಲ್ಲಿ ಹಾಡುವುದಕ್ಕೆಂದೇ ಒಬ್ಬನಿರುತ್ತಿದ್ದ. ಅವನು ನಹ್ಹಾಮ್. ಹಗ್ಗ ಎಳೆಯುವಾಗ, ಹಾಯಿ ಏರಿಸುವಾಗ, ಹುಟ್ಟು ಹಾಕುವಾಗ ಅವನು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು. ಬೇಸಾಯದ ಮನೆಯವರಾದರೆ ನಿಮ್ಮ ಅಜ್ಜಿಗೆ ಇದು ಗೊತ್ತು. ನಾಟಿ ಗದ್ದೆಯಲ್ಲಿ ಒಬ್ಬಾಕೆ ಪಾಡ್ದನ ಎತ್ತಿದರೆ ಉಳಿದವರು ಕೂಡಿಕೊಳ್ಳುತ್ತಿದ್ದುದು ಇದೇ ಲೆಕ್ಕದಲ್ಲಿ.

ದಡಕ್ಕೆ ಬಂದ ಮೇಲೆ, ಕೆಲಸವಿಲ್ಲದ ತಿಂಗಳುಗಳಲ್ಲಿ, ಅದೇ ಜನ ದಾರ್‌ನಲ್ಲಿ ಸೇರಿ ಹಾಡಿದ್ದು ಫಿಜ್ರಿಯಾಗಿ ಬೆಳೆಯಿತು. ಎಲ್ಲರೂ ಗಂಡಸರು, ಸುತ್ತಲೂ ವೃತ್ತವಾಗಿ ಕೂರುತ್ತಾರೆ. ಮಧ್ಯದ ಜಾಗ ಮುಖ್ಯ ಗಾಯಕನಿಗೆ ಮತ್ತು ಕುಣಿಯುವವರಿಗೆ. ಕೈಯಲ್ಲಿ ಮಿರ್ವಾಸ್ ಎಂಬ ಪುಟ್ಟ ಎರಡು ಮುಖದ ಚರ್ಮವಾದ್ಯ, ದೊಡ್ಡ ತಬ್ಲ್, ಕಿರುತಾಳ, ಮತ್ತು ಜಹ್ಲ. ಜಹ್ಲ ಅಂದರೆ ನೀರಿನ ಮಣ್ಣಿನ ಕೊಡ. ಅಮ್ಮ ನಿಮ್ಮನ್ನು ಬಲವಂತದಿಂದ ಕರೆದುಕೊಂಡು ಹೋದ ಕಛೇರಿಯಲ್ಲಿ ಘಟ ನೋಡಿದ್ದೀರಲ್ಲ, ಅದರ ದೂರದ ನೆಂಟ ಅಂದುಕೊಳ್ಳಿ. ಎಲ್ಲಕ್ಕಿಂತ ಮೊದಲು ಮೈಗೆ ತಟ್ಟುವುದು ಆ ಗುಂಪಿನ ಕೆಳದನಿ. ಮೇಲೆ ಒಬ್ಬ ಹಾಡುತ್ತಿದ್ದರೆ ಉಳಿದವರು ಎದೆಯಾಳದಿಂದ ಒಂದೇ ಸ್ವರ ಹಿಡಿದು ಗುಂಯ್‌ಗುಡುತ್ತಾರೆ. ನಮ್ಮಲ್ಲಿ ತಂಬೂರಿ ಮಾಡುವ ಕೆಲಸವನ್ನು ಅಲ್ಲಿ ಮನುಷ್ಯರ ಗಂಟಲು ಮಾಡುತ್ತದೆ. ಸಮುದ್ರದ್ದೋ ತಿಮಿಂಗಿಲದ್ದೋ ಸದ್ದು ಎಂದು ಬಣ್ಣಿಸುವವರಿದ್ದಾರೆ. ನನಗೆ ಅದು ದಣಿದ ಮನುಷ್ಯರ ಉಸಿರಿನ ಹಾಗೆಯೇ ಕೇಳುತ್ತದೆ.

ಫಿಜ್ರಿಯನ್ನು ಮೊದಲು ಹಾಡಿದವರು ಜಿನ್ನ್‌ಗಳು ಎಂದು ಐತಿಹ್ಯ. ಮೂವರು ಗೆಳೆಯರು ರಾತ್ರಿ ಎಲ್ಲಿಂದಲೋ ಹಾಡು ಕೇಳಿ ಹೋಗಿ ನೋಡಿದರಂತೆ. ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ ಜಿನ್ನ್‌ಗಳು ಕಲಿಸಿಕೊಟ್ಟವಂತೆ. ಕೊನೆಗೆ ಉಳಿದವನು ಸಾಯುವ ಹೊತ್ತಿಗೆ ಗುಟ್ಟು ಬಿಟ್ಟುಕೊಟ್ಟನಂತೆ. ಹಾಡು ಸುಲಭವಾಗಿ ಕೈಗೆ ಬರುವುದಲ್ಲ ಅನ್ನುವುದನ್ನು ಆ ಜನ ಹೀಗೆ ಹೇಳಿಕೊಂಡಿರಬಹುದು.

ಈಗ ಕಷ್ಟದ ಭಾಗ. ಜಪಾನಿನ ಸಾಕಣೆ ಮುತ್ತು ಮಾರುಕಟ್ಟೆಗೆ ಬಂದು, ಮೇಲಿಂದ 1929ರ ನಂತರದ ಜಾಗತಿಕ ಆರ್ಥಿಕ ಕುಸಿತವೂ ಸೇರಿ, ಮುತ್ತಿನ ಕಸುಬು ಕುಸಿಯಿತು. 1932ರಲ್ಲಿ ಇಲ್ಲಿ ತೈಲ ಸಿಕ್ಕಿತು. ಜನ ದೋಣಿ ಬಿಟ್ಟು ಕಂಪನಿ ಸೇರಿದರು. ಕೆಲಸವೇ ಹೋದ ಮೇಲೆ ಕೆಲಸದ ಹಾಡು ಎಷ್ಟು ದಿನ ಉಳಿಯುತ್ತದೆ? ಇಲ್ಲಿ ಉಳಿಯಿತು, ಏಕೆಂದರೆ ಮನೆ ಉಳಿದಿತ್ತು. ಸಮುದ್ರಕ್ಕೆ ಇಳಿಯದವರ ಮಕ್ಕಳೂ ಮೊಮ್ಮಕ್ಕಳೂ ವಾರಕ್ಕೊಮ್ಮೆ ಅದೇ ವೃತ್ತದಲ್ಲಿ ಕೂತು ಕೇಳಿ ಕೇಳಿ ಕಲಿತರು. 2021ರಲ್ಲಿ ಯುನೆಸ್ಕೋ ಫಿಜ್ರಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ಸವಗಳಲ್ಲಿ ದೊಡ್ಡ ವೇದಿಕೆಯ ಮೇಲೂ ಈಗ ಹಾಡುತ್ತಾರೆ, ಆದರೆ ಹೆಚ್ಚಿನ ಹಾಡುಗಾರಿಕೆ ಇಂದಿಗೂ ದಾರ್‌ಗಳಲ್ಲೇ. ಹಾಗಾಗಿ ವೇದಿಕೆಯದ್ದನ್ನು ನೋಡಿದವರು ಅರ್ಧ ನೋಡಿದಂತೆ.

ಹೋಗುವುದು ಹೇಗೆ? ಕಾಸ್‌ವೇ ದಾಟಿ ಮುಹರ್ರಕ್ ಹಳೆ ಊರಿಗೆ ಹೋಗಿ. 2012ರಲ್ಲಿ ವಿಶ್ವ ಪರಂಪರೆಯ ತಾಣವಾದ ಮುತ್ತಿನ ಹಾದಿ ಇರುವುದು ಅಲ್ಲೇ, ಸುಮಾರು ಮೂರೂವರೆ ಕಿಲೋಮೀಟರು. ಹಗಲಿನಲ್ಲಿ ಒಮ್ಮೆ ಅದನ್ನು ನಡೆದು ಬನ್ನಿ, ಗಲ್ಲಿಗಳ ಪರಿಚಯವಾಗುತ್ತದೆ. ಮುಹರ್ರಕ್‌ನ ದಾರ್ ಅಲ್-ಜಿನಾ ಮತ್ತು ರಿಫ್ಫಾದ ದಾರ್ ಅಲ್-ರಿಫ್ಫಾ ಎಂಬ ಎರಡು ಹಳೆಯ ಹಾಡಿನ ಮನೆಗಳನ್ನು ಸಂಸ್ಕೃತಿ ಇಲಾಖೆಯವರು ಬೆಲ್ಜಿಯಂನ ವಾಸ್ತುಶಿಲ್ಪಿಗಳಿಂದ ನವೀಕರಿಸಿದ್ದಾರೆ. ಹಳೆಯ ಕೋಣೆ ಹಾಗೇ ಇಟ್ಟು ಪಕ್ಕದಲ್ಲಿ ಹೊಸದು ಕಟ್ಟಿ, ಮುಂದೆ ಲೋಹದ ಬಲೆಯ ಪರದೆ ಇಳಿಬಿಟ್ಟಿದ್ದಾರೆ. ಬಹರೈನ್ ಸಂಸ್ಕೃತಿ ಮತ್ತು ಪುರಾತತ್ವ ಪ್ರಾಧಿಕಾರದ ಪ್ರಕಟಣೆ ನೋಡಿ, ಫೋನ್ ಮಾಡಿ, ಯಾವ ರಾತ್ರಿ ಹಾಡು ಎಂದು ವಿಚಾರಿಸಿ. ಅದಕ್ಕಿಂತ ಒಳ್ಳೆಯ ದಾರಿ, ಮುಹರ್ರಕ್ ಸೂಕ್‌ನಲ್ಲಿ ಯಾರಾದರೂ ಹಿರಿಯ ಅಂಗಡಿಯವರ ಹತ್ತಿರ ಕೇಳುವುದು. ಅವರಲ್ಲಿ ಹಲವರಿಗೆ ಹಿಂದಿ ಬರುತ್ತದೆ. ದಾರ್, ಫಿಜ್ರಿ ಎಂಬ ಎರಡು ಪದ ನಿಮ್ಮ ಬಾಯಲ್ಲಿ ಬಂದರೆ ಅವರ ಮುಖ ಅರಳುವುದನ್ನು ನೋಡಿ. ರಮದಾನ್ ತಿಂಗಳಲ್ಲೂ ಮೊಹರಂನ ಶೋಕದ ದಿನಗಳಲ್ಲೂ ಹುಡುಕುತ್ತಾ ಹೋಗಬೇಡಿ. ಹೆಣ್ಣುಮಕ್ಕಳು ಹೋಗುವುದಾದರೆ, ಆವತ್ತು ಎಲ್ಲರಿಗೂ ತೆರೆದ ಕಾರ್ಯಕ್ರಮವೇ ಎಂದು ಮೊದಲೇ ಕೇಳಿಕೊಳ್ಳಿ. ಇದು ಹುಟ್ಟಾ ಗಂಡಸರ ಕೂಟ, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಒಳಗೆ ಹೋದಾಗ ಚಪ್ಪಲಿ ಹೊರಗೆ, ಮೈ ತುಂಬ ಬಟ್ಟೆ, ಬಾಗಿಲಲ್ಲೇ ಸಲಾಂ. ಕಹ್ವಾ ಕೊಟ್ಟರೆ ಬಲಗೈಯಲ್ಲಿ ತೆಗೆದುಕೊಳ್ಳಿ. ಸಾಕೆನಿಸಿದಾಗ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಹಿಂದಿರುಗಿಸಿ, ಇಲ್ಲದಿದ್ದರೆ ಹಾಕುತ್ತಲೇ ಇರುತ್ತಾರೆ. ಚಪ್ಪಾಳೆಯಲ್ಲಿ ಸೇರಿಕೊಳ್ಳಬೇಡಿ. ನಿಮಗೆ ಸುಮ್ಮನೆ ತಟ್ಟಿದಂತೆ ಕಾಣುವ ಆ ಚಪ್ಪಾಳೆ ಲೆಕ್ಕ ಹಾಕಿದ ತಾಳ, ಇಬ್ಬರು ಮೂವರು ಬೇರೆ ಬೇರೆ ಜಾಗದಲ್ಲಿ ಹೊಡೆದು ಹೆಣೆಯುವಂಥದ್ದು. ಕೇಳದೆ ಫೋನ್ ಎತ್ತಬೇಡಿ.

ಇನ್ನೊಂದು ಮನೆಯ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಮುಹರ್ರಕ್‌ನಲ್ಲೇ ಗಾಯಕ ಮೊಹಮ್ಮದ್ ಬಿನ್ ಫಾರಿಸ್ ಅವರ ಹೆಸರಿನ ಮನೆಯಿದೆ. ಅಲ್ಲಿನ ಹಾಡಿಗೆ ‘ಸೌತ್’ ಎಂದು ಹೆಸರು, ದನಿ ಎಂಬ ಅರ್ಥದ ಅರಬ್ಬಿ ಪದ. ಊದ್ ಎಂಬ ತಂತಿವಾದ್ಯ, ಪಿಟೀಲು, ಮಿರ್ವಾಸ್, ಜೊತೆಗೆ ಅದೇ ಹೆಣೆದ ಚಪ್ಪಾಳೆ. ಸೌತ್‌ಗೆ ರೂಪ ಕೊಟ್ಟವರಲ್ಲಿ ಮೊದಲಿಗರೆಂದು ಹೇಳುವ ಕುವೈತಿನ ಅಬ್ದುಲ್ಲಾ ಅಲ್-ಫರಜ್ 19ನೇ ಶತಮಾನದಲ್ಲಿ ಬೆಳೆದದ್ದು ಮುಂಬಯಿಯಲ್ಲಿ. ಇಲ್ಲಿನ ಮುತ್ತು ಮಾರಾಟವಾಗುತ್ತಿದ್ದುದೂ ಮುಂಬಯಿಯಲ್ಲೇ. ನಮ್ಮ ಕರಾವಳಿಯವರು ಕೆಲಸಕ್ಕೆಂದು ಮುಂಬಯಿಗೆ, ಆಮೇಲೆ ಅಲ್ಲಿಂದ ಗಲ್ಫಿಗೆ ಬಂದ ದಾರಿಯಲ್ಲೇ, ಎದುರು ದಿಕ್ಕಿನಿಂದ, ಇವರ ಹಾಡು ಹೋಗಿ ಬಂದಿದೆ.

ಸರಿ, ಈಗ ಫ್ರಾನ್ಸ್. ಮುಹರ್ರಕ್‌ನಲ್ಲಿ ನೀವು ಮಾಡಿದ್ದು ಎರಡು ಕೆಲಸ. ಆ ಜಾಗದ ಸ್ವಂತ ಹೆಸರು ತಿಳಿದುಕೊಂಡಿರಿ, ಯಾವ ಜನ ಏಕೆ ಅಲ್ಲಿ ಸೇರುತ್ತಿದ್ದರು ಎಂದು ತಿಳಿದುಕೊಂಡಿರಿ. ಅದನ್ನೇ ಅಲ್ಲೂ ಮಾಡಿ. ಅಲ್ಲಿ ಬೇಕಾದ ಪದಗಳು ಎರಡು: ‘ಫೆಸ್ಟ್-ನೋಸ್’ ಮತ್ತು ‘ಬಾಲ್ ಫೋಕ್’.

ಫೆಸ್ಟ್-ನೋಸ್ ಫ್ರೆಂಚ್ ಪದವೇ ಅಲ್ಲ. ಪಶ್ಚಿಮ ತುದಿಯ ಬ್ರಿಟನಿ ಪ್ರಾಂತದ ಬ್ರೆಟನ್ ಭಾಷೆಯಲ್ಲಿ ರಾತ್ರಿಯ ಹಬ್ಬ ಎಂದರ್ಥ. ಅದೂ ಯುನೆಸ್ಕೋ ಪಟ್ಟಿ ಸೇರಿದ್ದು 2012ರಲ್ಲೇ. ರೈಲು ಬಂದ ಮೇಲೆ ಬ್ರಿಟನಿಯ ಬಡ ರೈತರ ಮಕ್ಕಳು ಕೆಲಸ ಹುಡುಕಿಕೊಂಡು ಪ್ಯಾರಿಸ್‌ಗೆ ಬಂದರು. ಗಂಡಸರು ಕೂಲಿಗೆ, ಹೆಣ್ಣುಮಕ್ಕಳು ಮನೆಗೆಲಸಕ್ಕೆ. ಅವರ ರೈಲು ನಿಲ್ಲುತ್ತಿದ್ದುದು ಮೊಂಪಾರ್ನಾಸ್ ಸ್ಟೇಷನ್ನಿನಲ್ಲಿ. ಇಳಿದವರು ಅದರ ಸುತ್ತಮುತ್ತಲೇ ಬೀಡುಬಿಟ್ಟರು. ಇಂದಿಗೂ ಆ ಬೀದಿಗಳಲ್ಲಿ ಬ್ರಿಟನಿಯ ದೋಸೆಯಂಥ ಕ್ರೇಪ್ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲೇ ದಲಾಂಬ್ರ್ ರಸ್ತೆಯಲ್ಲಿ 1947ರಲ್ಲಿ ಶುರುವಾದ ಬ್ರೆಟನ್ನರ ಸಂಘವಿದೆ. ಅದರ ಹೆಸರು ‘ತಿ ಆರ್ ವ್ರೆಟೊನೆಡ್’. ಬ್ರೆಟನ್ ಭಾಷೆಯಲ್ಲಿ ‘ತಿ’ ಎಂದರೆ ಮನೆ. ಬ್ರೆಟನ್ನರ ಮನೆ. ಅಲ್ಲಿ ಭಾಷೆ ಕಲಿಸುತ್ತಾರೆ, ಕುಣಿತ ಕಲಿಸುತ್ತಾರೆ, ಆಗಾಗ ಫೆಸ್ಟ್-ನೋಸ್ ಇಡುತ್ತಾರೆ. ಓದುತ್ತಾ ಹೋದರೆ ನಿಮಗೆ ಬಹರೈನ್ ಕನ್ನಡ ಸಂಘ, ಅದರ ಕನ್ನಡ ಭವನ ನೆನಪಾಗಬೇಕು. ಭಾಷೆಯ ಪಾಠ, ಯಕ್ಷಗಾನ ತರಬೇತಿ, ಹಬ್ಬದ ಊಟ, ಎಲ್ಲ ಅದೇ ಅಚ್ಚು.

ಪ್ರವಾಸಿಗರು ಪ್ಯಾರಿಸ್‌ನ ಗುರುತೆಂದು ಕೊಂಡಾಡುವ ಅಕಾರ್ಡಿಯನ್ ಹಾಡೂ ವಲಸಿಗರದ್ದೇ. ನಡುನಾಡಿನ ಓವೆರ್ನ್ ಎಂಬ ಬೆಟ್ಟದ ಸೀಮೆಯಿಂದ ಬಂದವರು ಬಾಸ್ತೀಯ್ ಹತ್ತಿರ ನೀರು ಹೊತ್ತು, ಕಲ್ಲಿದ್ದಲು ಮಾರಿ, ಅಂಗಡಿಯ ಒಂದು ಮೂಲೆಯಲ್ಲಿ ಪಾನೀಯ ಮಾರುತ್ತಾ ಸಂಜೆ ತಮ್ಮೂರಿನ ಚರ್ಮಚೀಲದ ವಾದ್ಯ ಊದಿ ಕುಣಿಯುತ್ತಿದ್ದರು. ಆ ವಾದ್ಯದ ಹೆಸರಿನಿಂದ ಆ ಕೂಟಕ್ಕೆ ‘ಬಾಲ್ ಮ್ಯುಸೆತ್’ ಎಂದು ಹೆಸರಾಯಿತು. ಆಮೇಲೆ ಇಟಲಿಯಿಂದ ಬಂದ ಕೂಲಿಯವರು ಅಕಾರ್ಡಿಯನ್ ತಂದರು. ಮೊದಲು ಜಗಳ, ನಂತರ ಜೊತೆ. ಲಾಪ್ ರಸ್ತೆಯಲ್ಲಿ ಇಂಥ ಜಾಗಗಳು ಸಾಲಾಗಿದ್ದವು. ಈಗ ಆ ರಸ್ತೆ ಬಹುಪಾಲು ಬಾರುಗಳ ಬೀದಿ, ಹಾಡಿಗೆಂದು ಅಲ್ಲಿಗೆ ಹೋಗುವ ಅಗತ್ಯವಿಲ್ಲ. ಬಾಲ್ ಮ್ಯುಸೆತ್‌ನ ಮನೆ ಹೋಯಿತು, ಸದ್ದು ಮಾತ್ರ ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುತ್ತಿದೆ.

ಹಾಗಾಗಿ ನಿಮಗೆ ಬೇಕಾದದ್ದು ಬಾಲ್ ಫೋಕ್. 1970ರ ದಶಕದಲ್ಲಿ ಫ್ರಾನ್ಸಿನ ಯುವಕರು ಹಳ್ಳಿಯ ಮುದುಕರಿಂದ ಹಾಡು, ಕುಣಿತ ಕಲಿತು ಮತ್ತೆ ಎಬ್ಬಿಸಿದ ಕೂಟ ಇದು. ನಡೆಯುವುದು ಊರ ಸಭಾಭವನದಲ್ಲಿ, ಸಂಘದ ಕೋಣೆಯಲ್ಲಿ, ಕೆಲವೊಮ್ಮೆ ಕೊಟ್ಟಿಗೆಯಲ್ಲಿ. ‘ಆಜೆಂದಾ ತ್ರಾದ್’ ಎಂಬ ಹೆಸರಿನಲ್ಲಿ ಇವುಗಳ ಪಟ್ಟಿ ಇಂಟರ್ನೆಟ್ಟಿನಲ್ಲಿದೆ. ತಾರೀಖು, ಜಿಲ್ಲೆ ಹಾಕಿ ಹುಡುಕಬಹುದು. ಸಣ್ಣ ಊರಿನಲ್ಲಿದ್ದರೆ ಬೇಕರಿ ಬಾಗಿಲು, ಗ್ರಂಥಾಲಯದ ನೋಟಿಸ್ ಬೋರ್ಡು ನೋಡಿ, ಅಲ್ಲಿ ಕೈಬರಹದ ಪೋಸ್ಟರ್ ಅಂಟಿಸಿರುತ್ತಾರೆ. ಜೂನ್ 21ರಂದು, 1982ರಿಂದ ನಡೆದುಬಂದ ಸಂಗೀತದ ಹಬ್ಬದ ದಿನ, ಬೀದಿ ಬೀದಿಯಲ್ಲಿ ವಾದ್ಯ ಇರುತ್ತದೆ. ಖುಷಿಯ ದಿನವೇ, ಆದರೆ ಗದ್ದಲದಲ್ಲಿ ಹಳೆ ಹಾಡು ಕೇಳಿಸುವುದು ಕಡಿಮೆ. ಆಗಸ್ಟಿನಲ್ಲಿ ಪ್ಯಾರಿಸ್ಸಿಗರು ಊರು ಬಿಟ್ಟಿರುತ್ತಾರೆ. ಆ ತಿಂಗಳು ಹೋದರೆ ರೈಲು ಹತ್ತಿ ಬ್ರಿಟನಿಗೇ ಹೋಗಿಬಿಡಿ, ಬೇಸಿಗೆಯ ವಾರಾಂತ್ಯಗಳಲ್ಲಿ ಅಲ್ಲಿ ಫೆಸ್ಟ್-ನೋಸ್‌ಗೆ ಬರವಿಲ್ಲ.

ಮುಹರ್ರಕ್‌ನ ಕಟ್ಟಳೆ ಇಲ್ಲಿ ತಿರುಗುಮುರುಗು. ದಾರ್‌ನಲ್ಲಿ ಸುಮ್ಮನೆ ಕೂರುವುದು ಮರ್ಯಾದೆ. ಫೆಸ್ಟ್-ನೋಸ್‌ನಲ್ಲಿ ಗೋಡೆಗೆ ಒರಗಿ ವೀಡಿಯೋ ಮಾಡುತ್ತಾ ನಿಂತರೆ ವಿಚಿತ್ರವಾಗಿ ಕಾಣುತ್ತೀರಿ. ಹಾಡಿರುವುದೇ ಕುಣಿಯುವುದಕ್ಕೆ. ಎಂಟರ ಮಕ್ಕಳಿಂದ ಎಂಬತ್ತರ ಅಜ್ಜನವರೆಗೆ ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ ಸಾಲಾಗಿ ಸುತ್ತುತ್ತಾರೆ. ಸಾಲಿನ ನಡುವೆಯಲ್ಲ, ತುದಿಯಲ್ಲಿ ಸೇರಿಕೊಂಡು ಪಕ್ಕದವರ ಕಾಲು ನೋಡಿ. ಎಷ್ಟೋ ಬಾಲ್‌ಗಳಲ್ಲಿ ಶುರುವಿಗೆ ಅರ್ಧ ಮುಕ್ಕಾಲು ಗಂಟೆ ಹೊಸಬರಿಗೆ ಹೆಜ್ಜೆ ಹೇಳಿಕೊಡುತ್ತಾರೆ, ಅದಕ್ಕೆ ಸರಿಯಾಗಿ ಹೋಗಿ. ಬ್ರಿಟನಿಯಲ್ಲಿ ವಾದ್ಯವಿಲ್ಲದೆ ಇಬ್ಬರೇ ಹಾಡಿ ಕುಣಿಸುವ ಕ್ರಮವಿದೆ, ‘ಕಾನ್ ಹಾ ದಿಸ್ಕಾನ್’ ಎನ್ನುತ್ತಾರೆ. ಒಬ್ಬ ಸಾಲು ಮುಗಿಸುವ ಮುನ್ನ ಇನ್ನೊಬ್ಬ ಅದರ ಬಾಲ ಹಿಡಿದು ಹಾಡುತ್ತಾನೆ, ಉಸಿರು ಬಿಡುವ ಸಂದೇ ಇರುವುದಿಲ್ಲ. ‘ಬೊಂಬಾರ್ಡ್’ ಎಂಬ ಊದುವಾದ್ಯ ಕೇಳಿದರೆ ಮದುವೆ ಮನೆಯ ವಾಲಗ ನೆನಪಾಗುತ್ತದೆ. ಅದರದ್ದೂ ಎರಡು ಸೀಳಿನ ಪೀಪಿಯೇ, ಅಷ್ಟೇ ಜೋರು, ಹತ್ತಿರ ನಿಂತರೆ ಅಷ್ಟೇ ಕಿವಿನೋವು. ಹಣದ ವಿಷಯ: ಕೆಲವು ಕಡೆ ಟಿಕೆಟ್, ಕೆಲವು ಕಡೆ ಟೋಪಿ ತಿರುಗುತ್ತದೆ. ಟೋಪಿ ಬಂದಾಗ ಫೋನ್ ನೋಡುತ್ತಾ ಕೂರಬೇಡಿ.

ಎರಡು ಕುಣಿತದ ನಡುವೆ ಯಾರಾದರೂ ಖಂಡಿತ ಕೇಳುತ್ತಾರೆ, ನೀವು ಎಲ್ಲಿಯವರು, ನಿಮ್ಮಲ್ಲಿ ಇಂಥದ್ದು ಏನಿದೆ ಎಂದು. ಮಾಹೂಝ್‌ನವರು ಅಂದರೆ ಫಿಜ್ರಿಯ ಬಗ್ಗೆ ಹೇಳಬೇಕಾಗುತ್ತದೆ, ಕನ್ನಡದವರು ಅಂದರೆ ಇನ್ನೇನೋ ಹೇಳಬೇಕಾಗುತ್ತದೆ. ಯೂಟ್ಯೂಬಿನಲ್ಲಿ ನೋಡಿದ್ದೇನೆ ಎಂಬ ಉತ್ತರ ಅಲ್ಲಿ ಬಹಳ ತೆಳ್ಳಗೆ ಕೇಳಿಸುತ್ತದೆ. ಎರಡು ಊರಿನಲ್ಲೂ ಮನೆಯಿದ್ದು ಯಾವ ಊರಿನ ಹಾಡಿನ ಮನೆಗೂ ಕಾಲಿಟ್ಟಿಲ್ಲ ಎಂದು ತಿಳಿಯುವುದಕ್ಕೆ ಮೂರನೆಯ ದೇಶಕ್ಕೆ ಹೋಗಬೇಕಾಗುತ್ತದೆ.

ಇದಕ್ಕೆ ನೀವು ಹೇಳುವ ಕಾರಣ ನನಗೆ ಗೊತ್ತು. ನಿಮ್ಮ ರಜೆ ಜುಲೈ, ಆಗಸ್ಟಿನಲ್ಲಿ. ಕರಾವಳಿಯ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ನೀವು ಮಂಗಳೂರಿನಲ್ಲಿ ಇಳಿಯುವಾಗ ಬಯಲಾಟ ಮುಗಿದಿರುತ್ತದೆ, ಹೊರಗೆ ಧೋ ಎಂದು ಮಳೆ. ಆದರೆ ಸಣ್ಣ ಜಾಗ ಹುಡುಕುವವರಿಗೆ ಇದೇ ಒಳ್ಳೆಯ ಕಾಲ. ಮಳೆಗಾಲದಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ದೇವಸ್ಥಾನದ ಚಾವಡಿಯಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಕೃಷ್ಣನಾದವನೂ ಕೌರವನಾದವನೂ ಬಿಳಿ ಪಂಚೆ, ಶಾಲಿನಲ್ಲೇ ಕೂತು ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಕನ್ನಡ ಅರ್ಧ ತಿಳಿಯದಿದ್ದರೂ ಪದ್ಯ ತಿಳಿಯುತ್ತದೆ, ಮುಖ ತಿಳಿಯುತ್ತದೆ. ಸ್ಥಳೀಯ ಪತ್ರಿಕೆಯ ಒಳಪುಟದ ‘ಇಂದಿನ ಕಾರ್ಯಕ್ರಮ’ ನೋಡಿ, ಇಲ್ಲವೇ ಸೋದರಮಾವನಿಗೆ ಹೇಳಿಡಿ. ಮಾವಂದಿರ ವಾಟ್ಸಾಪ್ ಗುಂಪುಗಳಲ್ಲಿ ಇದರ ಚಿತ್ರಪಟ ಬಾರದ ದಿನವಿಲ್ಲ.

ಇನ್ನೂ ಚಿಕ್ಕದು ಬೇಕೆಂದರೆ ಚಿಕ್ಕಮೇಳ. ಹೆಸರೇ ಹೇಳುವಂತೆ ಮೇಳದ ಮರಿ. ಮಳೆಗಾಲದಲ್ಲಿ ಬಿಡುವಾದ ಕಲಾವಿದರು ಇಬ್ಬರು ವೇಷ ಕಟ್ಟಿ, ಭಾಗವತರು, ಚೆಂಡೆ, ಮದ್ದಳೆಯವರ ಜೊತೆ ಸಂಜೆ ಹೊತ್ತು ಮನೆಮನೆಗೆ ಬರುತ್ತಾರೆ. ಪ್ರಸಂಗದ ಒಂದು ತುಣುಕು, ಹತ್ತು ಹದಿನೈದು ನಿಮಿಷ, ನಿಮ್ಮ ಅಜ್ಜಿಮನೆಯ ಜಗಲಿಯಲ್ಲೇ. ಇಲ್ಲಿ ನೀವು ಮನೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಾಮಾನ್ಯವಾಗಿ ಬರುವ ದಿನ ಮೊದಲೇ ತಿಳಿಸಿರುತ್ತಾರೆ. ಜಗಲಿ ಗುಡಿಸಿ ದೀಪ ಹಚ್ಚಿಡಿ, ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಹೂವು, ಕೈಲಾದಷ್ಟು ಕಾಣಿಕೆ ಇರಲಿ, ಟಿವಿ ಆಫ್ ಮಾಡಿ. ಅಕ್ಕಪಕ್ಕದ ಮನೆಯ ಮಕ್ಕಳನ್ನೂ ಕರೆಯಿರಿ, ಜಗಲಿಯಲ್ಲಿ ಎಲ್ಲರಿಗೂ ಜಾಗ ಆಗುತ್ತದೆ.